ಆಕಾಶದಿಂದ ಕಾಣದ ಗೆರೆ

ನೆಲವನ್ನು ಅಳೆಯುವುದು ನನ್ನ ಉದ್ಯೋಗ. ಸಿಯಾಟಲ್ ನಗರದ ಪೂರ್ವಕ್ಕಿರುವ ಸ್ನೋಕ್ವಾಲ್ಮಿ ಕಣಿವೆಯ ಹೊಲಗಳ ಮೇಲೆ ಡ್ರೋನ್ ಹಾರಿಸಿ, ಅದು ತೆಗೆದ ಸಾವಿರಾರು ಚಿತ್ರಗಳನ್ನು ಜೋಡಿಸಿ ನಕ್ಷೆ ಸಿದ್ಧಪಡಿಸುತ್ತೇನೆ. ವಿಸ್ತಾರವಾದ ಪ್ರದೇಶವಾದರೆ ಹಾರಾಟಕ್ಕಿಂತ ಅದರ ಪೂರ್ವಸಿದ್ಧತೆಯೇ ದೊಡ್ಡದು. ಇಲ್ಲಿನ ನಿಯಮದಂತೆ ಸಾಮಾನ್ಯವಾಗಿ ಡ್ರೋನ್ ನೆಲದಿಂದ 400 ಅಡಿಗಿಂತ ಮೇಲೇರಬಾರದು, ಹಾರಿಸುವವರ ಕಣ್ಣಿಗೆ ಮರೆಯಾಗಬಾರದು. ಆದ್ದರಿಂದ ಪ್ರದೇಶವನ್ನು ತುಂಡುಗಳಾಗಿ ವಿಂಗಡಿಸಬೇಕು. ಒಂದು ಚಿತ್ರದ ಸುಮಾರು ಮುಕ್ಕಾಲು ಪಾಲು ಮುಂದಿನದರಲ್ಲಿಯೂ ಇರಬೇಕು. ತುಂಡಿನ ಅಂಚು ಪಕ್ಕದ ತುಂಡಿನೊಳಕ್ಕೆ ಚಾಚಿರಬೇಕು. ಇಷ್ಟಾದರೂ ಸಾಲದು. ನೆಲದ ಮೇಲೆ ಅಲ್ಲಲ್ಲಿ ಗುರುತುಗಳನ್ನಿಟ್ಟು ಅವುಗಳ ಸ್ಥಾನವನ್ನು ನಿಖರವಾಗಿ ಅಳೆಯದಿದ್ದರೆ, ಕಂಪ್ಯೂಟರ್ ಹೆಣೆದ ನಕ್ಷೆ ನೋಡಲು ಸುಂದರವಾಗಿದ್ದರೂ ಸೊಟ್ಟಗಾಗಬಹುದು.

ನಮ್ಮ ನಾಡಿಗೆ ಅಳತೆ ಹೊಸದಲ್ಲ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಉಕ್ಕಿನ ಸರಪಳಿಯಿಂದ ಏಳು ಮೈಲಿಗೂ ಮಿಕ್ಕಿದ ಆಧಾರರೇಖೆಯನ್ನು ಅಳೆದನು. ಆದರೆ ಹೊಲಗಳಿಗೆ ಸರ್ವೆ ನಂಬರುಗಳು ಬಂದ ಮೇಲೂ ಗ್ರಾಮಠಾಣದೊಳಗಿನ ಎಷ್ಟೋ ಮನೆಗಳಿಗೆ ನಕ್ಷೆಯಿರಲಿಲ್ಲ. ಆ ಕೊರತೆಯನ್ನು ನೀಗಲು 2020ರ ಏಪ್ರಿಲ್ 24ರಂದು ಕೇಂದ್ರ ಸರ್ಕಾರ ಸ್ವಾಮಿತ್ವ ಯೋಜನೆಯನ್ನು ಆರಂಭಿಸಿತು. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಡ್ರೋನ್ ಹಾರುವ ಮೊದಲು ಮನೆಯವರ ಸಮ್ಮುಖದಲ್ಲಿ ಪ್ರತಿ ಆಸ್ತಿಯ ಸುತ್ತ ಸುಣ್ಣದ ಗೆರೆ ಎಳೆಯಬೇಕು. ಬಳಿಕ ಚಿತ್ರ, ನಕ್ಷೆ, ಆಕ್ಷೇಪಣೆಗಳ ವಿಚಾರಣೆ. ಕಡೆಗೆ ಹಕ್ಕಿನ ದಾಖಲೆ.

ಹಳೇ ಮೈಸೂರಿನ ನಮ್ಮೂರಿಗೆ ಈ ಅಳತೆ ಬಂದಾಗ ಚಿಕ್ಕಪ್ಪ ಫೋನ್ ಮಾಡಿದರು. "ಹಿತ್ತಲಲ್ಲಿ ನಿಮ್ಮ ಪಾಲು ಎಲ್ಲಿಗೆ ಮುಗಿಯುತ್ತೆ ಅಂತ ಅಣ್ಣನಿಗೆ ಗೊತ್ತಿತ್ತು ಕಣಪ್ಪ. ಈಗ ಯಾರನ್ನ ಕೇಳೋಣ?" ನನ್ನ ತಂದೆ ತೀರಿಕೊಂಡಿದ್ದರು. ಇಬ್ಬರ ಹಿತ್ತಲ ನಡುವೆ ಗೋಡೆಯಿರಲಿಲ್ಲ, ಬೇಲಿಯೂ ಇರಲಿಲ್ಲ. ಹತ್ತಾರು ವರ್ಷ ಅದರ ಅಗತ್ಯವೂ ಬಿದ್ದಿರಲಿಲ್ಲ. ಸುಮಾರು 5 ಸೆಂಟಿಮೀಟರ್ ನಿಖರತೆಯ ನಕ್ಷೆಗೂ ಅಲ್ಲಿ ಕಾಣುತ್ತಿದ್ದುದು ಬರಿಯ ಮಣ್ಣು. ಕೊನೆಗೆ ಪಕ್ಕದ ಮನೆಯ ಅಜ್ಜಿ ಕೋಲೂರಿಕೊಂಡು ಬಂದು, ಬಾವಿಯ ಕಟ್ಟೆಯಿಂದ ಹಿಂದೆ ನುಗ್ಗೆಮರವಿದ್ದ ಜಾಗದವರೆಗೆ ಕೈತೋರಿಸಿದರಂತೆ. ಚಿಕ್ಕಪ್ಪ ಮರುಮಾತಿಲ್ಲದೆ ಅಲ್ಲಿಯೇ ಸುಣ್ಣ ಹಾಕಿಸಿದರು. ಡ್ರೋನ್ ಚಿತ್ರಿಸಿದ್ದು ಆ ಗೆರೆಯನ್ನು.

ಸಮ್ಮೇಳನಕ್ಕೆ ಬಂದಿರುವ ನಮ್ಮಲ್ಲಿ ಅನೇಕರ ಮನೆಯ ಎಲ್ಲೆಗಳು ಇಂದಿಗೂ ಹಿರಿಯರ ನೆನಪಿನಲ್ಲಿಯೇ ಉಳಿದಿವೆ. ಮುಂದಿನ ಬಾರಿ ಊರಿಗೆ ಹೋದಾಗ ಅವರೊಡನೆ ಒಮ್ಮೆ ಹಿತ್ತಲನ್ನು ಸುತ್ತಿ ಬರೋಣ; ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳೋಣ.