ಗೊರೂರಿನ ವಿಮಾನವೂ ಗಾತ್ರದ ಲೆಕ್ಕವೂ

ಹಾಸನದ ಬಿ.ಎಂ. ರಸ್ತೆಯಲ್ಲಿ ನಾನು ಟಿಕೆಟ್ಟಿನ ಅಂಗಡಿಯನ್ನು ತೆರೆದ ಕಾಲದಲ್ಲಿ ರೈಲು ಬಸ್ಸುಗಳೇ ನನ್ನ ಜೀವನಾಧಾರವಾಗಿದ್ದುವು. ವಿಮಾನವನ್ನು ಕೇಳಿಕೊಂಡು ಬರುತ್ತಿದ್ದವರು ಕಾಫಿ ತೋಟಗಳ ಒಡೆಯರು, ಮೇಲಧಿಕಾರಿಗಳು ಹಾಗೂ ಪರದೇಶದ ಮಕ್ಕಳನ್ನು ಕಾಣಹೊರಟ ವೃದ್ಧ ದಂಪತಿಗಳು ಮಾತ್ರ. 1953ರಲ್ಲಿ ಖಾಸಗಿ ವಿಮಾನ ಸಂಸ್ಥೆಗಳನ್ನು ರಾಷ್ಟ್ರೀಕರಿಸಿದ ಶಾಸನವು 1994ರಲ್ಲಿ ರದ್ದಾಗಿ ಹೊಸ ಸಂಸ್ಥೆಗಳು ಹುಟ್ಟಿಕೊಂಡ ಮೇಲೆಯೂ ಈ ಸ್ಥಿತಿ ಬದಲಾಗಲಿಲ್ಲ.

ಬದಲಾದದ್ದು 2003ರ ಆಗಸ್ಟಿನಲ್ಲಿ. ಗೊರೂರಿನಲ್ಲಿ ಬೆಳೆದು, ಸೈನ್ಯದಲ್ಲಿ ಸೇವೆ ಸಲ್ಲಿಸಿ, ಮನೆತನದ ಭೂಮಿಯು ಹೇಮಾವತಿಯ ಅಣೆಕಟ್ಟಿನಲ್ಲಿ ಮುಳುಗಿದ ಬಳಿಕ ಜಾವಗಲ್ಲಿನ ಬಳಿ ಬೇಸಾಯ ಮಾಡಿದ್ದ ಕ್ಯಾಪ್ಟನ್ ಜಿ.ಆರ್. ಗೋಪಿನಾಥರು, 48 ಆಸನಗಳ ಎಟಿಆರ್ ವಿಮಾನಗಳೊಡನೆ ಏರ್ ಡೆಕ್ಕನ್ ಸಂಸ್ಥೆಯನ್ನಾರಂಭಿಸಿ, ಬೆಂಗಳೂರನ್ನು ಹುಬ್ಬಳ್ಳಿಯಂತಹ ಊರುಗಳೊಡನೆ ಬೆಸೆದರು. ಚನ್ನರಾಯಪಟ್ಟಣದ ತೆಂಗಿನ ವರ್ತಕರೂ ಹೊಳೆನರಸೀಪುರದ ಉಪಾಧ್ಯಾಯರೂ ನನ್ನ ಅಂಗಡಿಯ ಮೆಟ್ಟಿಲನ್ನೇರತೊಡಗಿದರು. ಅರಕಲಗೂಡಿನ ಕಡೆಯ ತಂಬಾಕು ಬೆಳೆಗಾರರೊಬ್ಬರು ಅಚ್ಚಾದ ಟಿಕೆಟ್ಟನ್ನು ಎರಡು ಸಲ ತಿರುವಿ ನೋಡಿ, “ಇದ್ರಲ್ಲಿ ಸೀಟ್ ನಂಬರೇ ಇಲ್ವಲ್ಲ ಸ್ವಾಮಿ?” ಎಂದು ಕೇಳಿದರು. ಮೊದಲು ಹತ್ತಿದವರು ಬೇಕಾದ ಕಡೆ ಕೂರಬಹುದೆಂದು ಹೇಳಿದಾಗ, “ಹಂಗಾದ್ರೆ ನಮ್ ಬಸ್ ಇದ್ದಂಗೇ ಬಿಡಿ” ಎಂದು ಸಮಾಧಾನದಿಂದ ಅದನ್ನು ಜೇಬಿಗಿಳಿಸಿದರು.

ವಿಮಾನ ಸಂಸ್ಥೆಗಳನ್ನು ಅಳೆಯುವ ಮಾನದಂಡಗಳು ನನಗೆ ಪರಿಚಯವಾದದ್ದು ಆ ದಿನಗಳಲ್ಲಿಯೇ. ಅಮೆರಿಕದಲ್ಲಿ ವಾರ್ಷಿಕ ವರಮಾನವು ನೂರು ಕೋಟಿ ಡಾಲರನ್ನು ಮೀರಿದರೆ ಅದು ಪ್ರಮುಖ ಸಂಸ್ಥೆ. ಹತ್ತು ಕೋಟಿಯಿಂದ ನೂರು ಕೋಟಿಯವರೆಗಿದ್ದರೆ ರಾಷ್ಟ್ರೀಯ. ಅದಕ್ಕೂ ಕೆಳಗಿನದು ಪ್ರಾದೇಶಿಕ. ನಮ್ಮ ಸರ್ಕಾರವು 2004ರಲ್ಲಿ ವಯಸ್ಸನ್ನೂ ವಿಮಾನಗಳ ಸಂಖ್ಯೆಯನ್ನೂ ಪರಿಗಣಿಸಿ, ಐದು ವರ್ಷ ದೇಶದೊಳಗೆ ಹಾರಿ 20 ವಿಮಾನಗಳನ್ನು ಹೊಂದಿರದ ಸಂಸ್ಥೆಯು ಪರದೇಶಕ್ಕೆ ಹಾರಕೂಡದೆಂದು ವಿಧಿಸಿತು. 2005ರಲ್ಲಿ ಹುಟ್ಟಿದ ಕಿಂಗ್‌ಫಿಶರ್, ಏರ್ ಡೆಕ್ಕನ್ನನ್ನು ತನ್ನಲ್ಲಿ ಸೇರಿಸಿಕೊಂಡು, ಅದರ ಐದು ವರ್ಷಗಳ ಅರ್ಹತೆಯ ಬಲದಿಂದಲೇ 2008ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಿಂದ ಲಂಡನ್ನಿಗೆ ಹಾರಿತು. 2012ರ ಅಕ್ಟೋಬರಿನಲ್ಲಿ ಅದರ ಹಾರಾಟವೇ ಸ್ತಬ್ಧವಾಯಿತು. ಐದು ವರ್ಷಗಳ ನಿಬಂಧನೆಯನ್ನು ಸರ್ಕಾರ 2016ರಲ್ಲಿ ಕೈಬಿಟ್ಟಿತು.

ವರಮಾನವೂ ವಿಮಾನಗಳ ಸಂಖ್ಯೆಯೂ ಒಂದು ಸಂಸ್ಥೆಯ ಶಕ್ತಿಯನ್ನು ಸೂಚಿಸಬಲ್ಲುವು. ಅದರ ಪ್ರಯೋಜನವನ್ನು ಅರಿಯಲು, ಅದು ಎಷ್ಟು ಸಣ್ಣ ಊರುಗಳನ್ನು ಮುಟ್ಟಿತು, ಎಂದೂ ವಿಮಾನವೇರದಿದ್ದ ಎಷ್ಟು ಜನರನ್ನು ಹೊತ್ತೊಯ್ದಿತು ಎಂದು ಕೇಳಲೇಬೇಕು. ಬೂವನಹಳ್ಳಿಯ ನಿಲ್ದಾಣಕ್ಕಾಗಿ ದೀರ್ಘಕಾಲ ಕಾದಿರುವ ಈ ಜಿಲ್ಲೆಗೆ, ಶ್ರೇಣಿಯಲ್ಲಿ ಕಿರಿದಾದರೂ ನಿತ್ಯ ತಪ್ಪದೆ ಬಂದಿಳಿಯುವ ಸಂಸ್ಥೆಯೇ ನಿಜವಾಗಿ ದೊಡ್ಡದು. ಅಂಥದಕ್ಕೆ ಆಳುವವರು ಒತ್ತಾಸೆಯಾಗಿ ನಿಲ್ಲಬೇಕು.