ಹಳೆಯ ಕಪಾಟಿನ ಬೆನ್ನು ನೋಡಿ ಕೊಳ್ಳಿ

ಮುಂಬಯಿಯಲ್ಲಿ ಬಹಳ ವರ್ಷ ಕಳೆದ ನಮ್ಮ ಹೆಂಗಸರಿಗೆ ಕ್ರಾಫರ್ಡ್ ಮಾರ್ಕೆಟ್ ಗೊತ್ತು, ಮಂಗಳದಾಸ್ ಮಾರ್ಕೆಟ್ ಗೊತ್ತು, ಮಾಟುಂಗದ ಹೂವಿನ ಅಂಗಡಿಗಳು ಗೊತ್ತು. ಚೋರ್ ಬಜಾರಿನಿಂದ ಮಾತ್ರ ಹೆಸರಿಗೇ ಹೆದರಿ ದೂರ ಉಳಿದವರು ಅನೇಕರು. 'ಶೋರ್', ಎಂದರೆ ಗದ್ದಲದ ಬಜಾರು ಎಂಬುದೇ ಬಾಯಿಂದ ಬಾಯಿಗೆ 'ಚೋರ್' ಆಯಿತೆಂದು ಹೇಳುವುದುಂಟು. ಅದು ಹೇಗೇ ಇರಲಿ, ಗದ್ದಲಕ್ಕಂತೂ ಕೊರತೆಯಿಲ್ಲ. ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿಳಿದು ಟ್ಯಾಕ್ಸಿ ಹಿಡಿದು 'ಮಟನ್ ಸ್ಟ್ರೀಟ್' ಎನ್ನಿ. ಹೆಸರು ಕೇಳಿ ಮೂಗು ಮುಚ್ಚಬೇಡಿ. ಅಲ್ಲಿರುವುದು ಗ್ರಾಮೋಫೋನು, ಲಾಂದ್ರ, ಹಳೆಯ ಸಿನಿಮಾ ಪೋಸ್ಟರು, ಮತ್ತು ಯಾರ ಯಾರ ಮನೆಯಿಂದಲೋ ಬಂದ ಕುರ್ಚಿ, ಮೇಜು, ಕಪಾಟು. ಶುಕ್ರವಾರ ಅಂಗಡಿಗಳಿಗೆ ರಜೆ. ಅಂದು ಬೀದಿಯಲ್ಲಿ ಹರಡಿ ಮಾರುವವರದೇ ರಾಜ್ಯ. ಮರದ ಸಾಮಾನು ಬೇಕಾದವರು ಬೇರೆ ದಿನ ಹೋಗುವುದು ಒಳ್ಳೆಯದು.

ನನ್ನನ್ನು ಅಲ್ಲಿಗೆ ಕರೆದೊಯ್ದವರು ಮಗ ಮತ್ತು ಸೊಸೆ. ಗೋರೆಗಾಂವಿನ ಅವರ ಹೊಸ ಫ್ಲ್ಯಾಟಿಗೆ ಹಳೆಯ ಕಾಲದ ಬಾರ್ ಕ್ಯಾಬಿನೆಟ್ ಒಂದು ಬೇಕಂತೆ! "ಅತ್ತೆ, ನಿಮಗೆ ಮರ ಗೊತ್ತಾಗುತ್ತದೆ, ನೀವೂ ಬನ್ನಿ" ಎಂದಳು ಸೊಸೆ. ನನ್ನ ತವರು ಶಿರಸಿಯ ಕಡೆ, ಮರ ಗೊತ್ತಾಗುವುದೇನೋ ನಿಜ. ಆದರೆ ನಮ್ಮ ಮನೆಗೆ ಇಷ್ಟು ವರ್ಷ ಬಂದ ಬಾಟಲಿ ಎಂದರೆ ಫಿನೈಲಿನದು ಮಾತ್ರ. ಕುಡಿತದಿಂದ ಮಂಗಳಸೂತ್ರ ಅಡವಿಗೆ ಹೋದ ಮನೆಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂಥದಕ್ಕೆ ಮನೆಯೊಳಗೆ ಪೀಠ ಹಾಕಿಕೊಡಲು ನಾನೇ ಹೋಗಬೇಕೆ? ಎರಡು ದಿನ ಯೋಚಿಸಿದೆ. ಅವರ ಮನೆ ಅವರದು; ನಾನು ಹೋಗದಿದ್ದರೆ ಬಾರ್ ನಿಲ್ಲುವುದಿಲ್ಲ, ಹುಳ ತಿಂದ ಬಾರ್ ಬರುತ್ತದೆ, ಅಷ್ಟೇ. ಹೊರಟೆ.

ಇಂಥ ಕಪಾಟುಗಳು ಈ ಊರಿಗೆ ಹೊಸತಲ್ಲ. ಮರೀನ್ ಡ್ರೈವ್ ಮತ್ತು ಓವಲ್ ಮೈದಾನದ ಬದಿಯ ದುಂಡು ಬಾಲ್ಕನಿಯ ಕಟ್ಟಡಗಳನ್ನು ನೋಡಿದ್ದೀರಲ್ಲ? ಆರ್ಟ್ ಡೆಕೊ ಎಂಬ ಆ ಶೈಲಿ 1930ರ ದಶಕದಲ್ಲಿ ಇಲ್ಲಿ ಬೇರೂರಿತು. 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಕಟ್ಟಡಗಳಲ್ಲಿ ಅವೂ ಇವೆ. ಆ ಮನೆಗಳ ಒಳಗಿನ ಸಾಮಾನೂ ಅದೇ ಶೈಲಿಯದು. ಆ ಕಾಲದ ಕಾಕ್‌ಟೇಲ್ ಕ್ಯಾಬಿನೆಟ್ ಹೊರಗಿನಿಂದ ದೊಡ್ಡ ರೇಡಿಯೋದಂತೆ ಸಭ್ಯವಾಗಿ ನಿಂತಿರುತ್ತದೆ. ಬಾಗಿಲು ತೆರೆದರೆ ಒಳಗೆಲ್ಲ ಕನ್ನಡಿ, ಕೆಲವದರಲ್ಲಿ ದೀಪ ಕೂಡ ಹತ್ತಿಕೊಳ್ಳುತ್ತದೆ. ಈ ನಗರದಲ್ಲಿ 1939ರಲ್ಲಿ ಒಮ್ಮೆ, 1950ರಲ್ಲಿ ಮತ್ತೊಮ್ಮೆ ಪಾನನಿರೋಧ ಬಂತು. ಆ ವರ್ಷಗಳನ್ನು ಹಾದುಬಂದ ಕಪಾಟುಗಳು ಏನೇನು ಅಡಗಿಸಿಟ್ಟಿದ್ದವೋ! 1949ರ ಕಾಯ್ದೆ ಇಂದಿಗೂ ಪುಸ್ತಕದಲ್ಲಿದೆ. ಅದರಂತೆ ಕುಡಿಯಲು ಪರ್ಮಿಟ್ ಬೇಕು.

ಇನ್ನೊಂದು ಬಗೆ ಕಪ್ಪು ಮರದ್ದು, ಮೈತುಂಬ ಕೆತ್ತನೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಕೋಟೆ ಭಾಗದ ಮೆಡೋಸ್ ಸ್ಟ್ರೀಟಿನ ಕುಶಲಕರ್ಮಿಗಳು ಮಾಡುತ್ತಿದ್ದ ಇದಕ್ಕೆ 'ಬಾಂಬೆ ಬ್ಲ್ಯಾಕ್‌ವುಡ್' ಎಂದು ಹೆಸರು. ಈ ಬ್ಲ್ಯಾಕ್‌ವುಡ್ ಬೇರೇನೂ ಅಲ್ಲ, ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಬೀಟೆ! 1862ರಿಂದ 1956ರವರೆಗೆ ಉತ್ತರ ಕನ್ನಡ ಮುಂಬಯಿ ಆಡಳಿತದಲ್ಲೇ ಇತ್ತು. ನಮಗಿಂತ ಮೊದಲೇ ನಮ್ಮ ಕಡೆಯ ಮರ ಈ ಊರಿಗೆ ಬಂದು ಸಂಸಾರ ಹೂಡಿದೆ ಎಂದು ನನಗೆ ಅಲ್ಲಿ ನಿಂತಾಗ ಅನಿಸಿತು.

ಈಗ ಆರಿಸುವ ಮಾತು. ಅಂಗಡಿಯವರು ಮುಂಭಾಗವನ್ನು ಥಳಥಳ ಹೊಳೆಸಿ ಇಟ್ಟಿರುತ್ತಾರೆ. ನೀವು ಹಿಂದೆ ಹೋಗಿ ಬೆನ್ನು ನೋಡಿ. ಬೆನ್ನಿಗೆ ಹೊಸ ಪ್ಲೈವುಡ್ ಇದ್ದರೆ "ನೂರು ವರ್ಷದ್ದು, ಬೆಹೆನ್‌ಜಿ" ಎಂಬ ಮಾತನ್ನು ಅರ್ಧಕ್ಕೆ ಇಳಿಸಿ. ಖಾನೆಯನ್ನು ಪೂರ್ತಿ ಹೊರಗೆಳೆದು ಮೂಲೆಯ ಜೋಡಣೆ ನೋಡಿ. ಪಾರಿವಾಳದ ಬಾಲದ ಆಕಾರದಲ್ಲಿ ಕೊಯ್ದು ಕೂಡಿಸಿದ ಹಲ್ಲುಗಳು ಒಂದಕ್ಕೊಂದು ತುಸು ಹೆಚ್ಚುಕಮ್ಮಿ ಇದ್ದರೆ ಅದು ಕೈಗೆಲಸ. ಅಳೆದಂತೆ ಸಮವಿದ್ದರೆ ಯಂತ್ರದ್ದು. ಸ್ಕ್ರೂವಿನ ತಲೆಯಲ್ಲಿ ಕೂಡಿಸುವ ಗುರುತು ಇದೆಯೇ? ಆ ಬಗೆಯ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ಅದಕ್ಕಿಂತ ಹಳೆಯದೆನ್ನುವ ಕಪಾಟಿನಲ್ಲಿ ಅದು ಕಂಡರೆ ರಿಪೇರಿಯಾದರೂ ಆಗಿದೆ, ಇಲ್ಲವೇ ವಯಸ್ಸು ಸುಳ್ಳು.

ಬಣ್ಣ ಹಚ್ಚದ ಒಳಮೈಯನ್ನು ಮೂಸಿ ನೋಡಿ. ಹಳೆಯ ಸಾಗುವಾನಿಗೆ ಚರ್ಮದಂಥ ಒಂದು ವಾಸನೆ ಇರುತ್ತದೆ. ಚೇಗಿನ ಭಾಗಕ್ಕೆ ಹುಳ ಸುಲಭವಾಗಿ ಬೀಳದು. ಅಂಚಿನ ಬಿಳಿ ಮರವೇ ಮೊದಲು ಹೋಗುವುದು. ಸಣ್ಣ ತೂತುಗಳಿದ್ದರೆ ಕಪಾಟನ್ನು ತಟ್ಟಿ. ಹಿಟ್ಟಿನಂಥ ಹೊಸ ಪುಡಿ ಉದುರಿದರೆ ಕುಟ್ಟೆ ಇನ್ನೂ ಒಳಗಿದೆ ಎಂದರ್ಥ. ಅಂಥದನ್ನು ಬಿಟ್ಟು ಮುಂದೆ ಹೋಗಿ.

ಬಾರ್ ಸಾಮಾನಿಗೆ ವಿಶೇಷವಾದ ಪರೀಕ್ಷೆಯೊಂದಿದೆ. ಹಳೆಯ ಪಾಲಿಶ್ ಎಂದರೆ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯಿಂದ ಉಜ್ಜಿದ್ದು. ವಿಸ್ಕಿಯಲ್ಲಿರುವುದೂ ಮದ್ಯಸಾರವೇ, ಚೆಲ್ಲಿದರೆ ಪಾಲಿಶ್ ಕಿತ್ತು ಕಲೆ ಉಳಿಯುತ್ತದೆ. ಆದ್ದರಿಂದ ಲೋಟ ಇಡುವ ಜಾಗದಲ್ಲಿ ಗಾಜು, ಕನ್ನಡಿ ಅಥವಾ ಅಮೃತಶಿಲೆ ಇರುವುದನ್ನೇ ಆರಿಸಿ. ಕನ್ನಡಿಯಲ್ಲಿ ಕಪ್ಪು ಚುಕ್ಕೆ ಬಿದ್ದಿದ್ದರೆ ಚಿಂತೆಯಿಲ್ಲ, ಅದು ವಯಸ್ಸಿನ ಗುರುತು. ಹಳೆಯ ವಿದ್ಯುತ್ ತಂತಿಯನ್ನು ಮಾತ್ರ ಮನೆಗೆ ತಂದ ದಿನವೇ ಬದಲಿಸಿ. ಎತ್ತರದ ಸ್ಟೂಲು ಬೇಕೆಂದರೆ ಮೇಜಿಗೂ ಕೂರುವ ಹಲಗೆಗೂ ನಡುವೆ ಸುಮಾರು 12 ಅಂಗುಲ ಇರಲಿ, ಇಲ್ಲದಿದ್ದರೆ ಮೊಣಕಾಲು ತಾಗುತ್ತದೆ. ಎಲ್ಲಕ್ಕಿಂತ ಮೊದಲು ನಿಮ್ಮ ಕಟ್ಟಡದ ಲಿಫ್ಟಿನ ಬಾಗಿಲು ಅಳೆದುಕೊಂಡು ಹೋಗಿ!

ಒಂದು ಅಂಗಡಿಯಲ್ಲಿ ಮೂರು ಗಾಜಿನ ಶೀಷೆಗಳನ್ನು ಮೇಲಿನಿಂದ ಅಡ್ಡಪಟ್ಟಿ ಹಾಕಿ ಬೀಗ ಜಡಿದಿಡುವ ಮರದ ಚೌಕಟ್ಟು ಕಂಡಿತು. ಹೆಸರು ಟ್ಯಾಂಟಲಸ್. ಗ್ರೀಕ್ ಕಥೆಯಲ್ಲಿ ಕುತ್ತಿಗೆಯ ತನಕ ನೀರಿದ್ದರೂ ಕುಡಿಯಲಾಗದ ಶಾಪಗ್ರಸ್ತ ಅರಸನ ಹೆಸರು ಅದು. ಇಂಗ್ಲಿಷ್ ಕವಿ ಜಾನ್ ಬೆಜಮನ್ ಅವರ ಮನೆತನದ ಕಾರ್ಖಾನೆ ಇದಕ್ಕೆ ಪ್ರಸಿದ್ಧವಾಗಿತ್ತು. ಬಿ.ಎ. ಓದಿದ್ದು ಅಂದು ಮಟನ್ ಸ್ಟ್ರೀಟಿನಲ್ಲಿ ಉಪಯೋಗಕ್ಕೆ ಬಂತು ನೋಡಿ! ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗದು. ಮಾಡಿದವನಿಗೆ ಮನೆಯ ಸಂಗತಿ ಚೆನ್ನಾಗಿ ತಿಳಿದಿತ್ತು.

ಕೊನೆಗೆ ಮಕ್ಕಳು ಒಪ್ಪಿದ್ದು ಸೊಂಟದೆತ್ತರದ ಸಾಗುವಾನಿ ಕಪಾಟನ್ನು. ಒಳಗೆ ಕನ್ನಡಿ, ಕೆಳಗೆ ಎರಡು ಖಾನೆ, ಗಟ್ಟಿಯಾದ ಹಿತ್ತಾಳೆ ಬೀಗ. ಚೌಕಾಸಿ ನಾನೇ ಮಾಡಿದೆ. ಅಂಗಡಿಯವನು ಕೀಲಿಯನ್ನು ಮಗನತ್ತ ಚಾಚಿದ. ನಾನು ನಡುವೆ ತೆಗೆದುಕೊಂಡು ಸೊಸೆಯ ಕೈಯಲ್ಲಿಟ್ಟೆ. ಮಗ ನಕ್ಕ, ಆದರೆ ಬೇಡವೆನ್ನಲಿಲ್ಲ. ಸೊಸೆ ನಗಲಿಲ್ಲ, ಕೀಲಿಯನ್ನು ಪರ್ಸಿನ ಒಳಜೇಬಿನಲ್ಲಿಟ್ಟು ಜಿಪ್ ಎಳೆದಳು.

ಉಪನಗರದವರು ಅಷ್ಟು ದೂರ ಹೋಗಬೇಕೆಂದಿಲ್ಲ. ಜೋಗೇಶ್ವರಿ ಪಶ್ಚಿಮದ ಓಶಿವಾರ ಮಾರುಕಟ್ಟೆಯಲ್ಲೂ ಹಳೆಯ ಮರದ ಸಾಮಾನು ಸಿಗುತ್ತದೆ. 2016ರಲ್ಲಿ ಆರಂಭವಾದ ರಾಮ್ ಮಂದಿರ್ ಸ್ಟೇಷನ್ ಹತ್ತಿರ. ಹಳೆಯದರ ಜತೆಗೆ ಹಳೆಯದರಂತೆ ಮಾಡಿದ್ದೂ ಅಲ್ಲಿ ಬೆರೆತಿರುತ್ತದೆ. ಆದಷ್ಟು ಮಳೆಗಾಲದಲ್ಲಿ ಹೋಗಿ. ಗಾಳಿಯಲ್ಲಿ ತೇವವಿದ್ದಾಗ ಮರ ಉಬ್ಬುತ್ತದೆ. ಜುಲೈಯಲ್ಲಿ ಸಲೀಸಾಗಿ ಜಾರುವ ಖಾನೆ ವರ್ಷವಿಡೀ ಜಾರುತ್ತದೆ. ಬಾಟಲಿ ಇಡುತ್ತೀರೋ, ಬೆಳ್ಳಿ ಸಾಮಾನು ಇಡುತ್ತೀರೋ, ಅದು ನಿಮಗೆ ಬಿಟ್ಟದ್ದು. ಬೀಗ ಸರಿಯಾಗಿ ಬೀಳುತ್ತದೆಯೇ ಎಂದು ಮಾತ್ರ ಅಂಗಡಿಯಲ್ಲೇ ಎರಡೆರಡು ಸಲ ನೋಡಿ ತನ್ನಿ.