ಹೊಂದದ ಚಕ್ರ

2004ರಿಂದೀಚಿನ ಫೋರ್ಡ್ ಎಫ್-150 ಟ್ರಕ್ಕಿನ ಹಬ್ಬಿನಲ್ಲಿಯೂ ಷೆವ್ರೊಲೆ ಸಿಲ್ವರಾಡೊ 1500ರ ಹಬ್ಬಿನಲ್ಲಿಯೂ ಚಕ್ರವನ್ನು ಹಿಡಿಯತಕ್ಕ ಸ್ಟಡ್ಡುಗಳು ಆರಾರೇ ಇದ್ದರೂ, ಮೊದಲನೆಯದರಲ್ಲಿ ಅವು 135 ಮಿಲಿಮೀಟರ್ ವ್ಯಾಸದ ವೃತ್ತದ ಮೇಲೂ ಎರಡನೆಯದರಲ್ಲಿ 139.7 ಮಿಲಿಮೀಟರ್ ವ್ಯಾಸದ ವೃತ್ತದ ಮೇಲೂ ನಿಂತಿರುವುದರಿಂದ, ಒಂದರ ಚಕ್ರವು ಇನ್ನೊಂದಕ್ಕೆ ಸರ್ವಥಾ ಕೂಡಲಾರದು. ಐದು ಮಿಲಿಮೀಟರಿಗೂ ಕಡಮೆಯಾದ ಈ ಭೇದವನ್ನು ಪರಿಹರಿಸಲೆಂದೇ ಒಳಗೊಂದು, ಹೊರಗೊಂದು ಅಳತೆಯುಳ್ಳ ದಪ್ಪನೆಯ ಅಲ್ಯೂಮಿನಿಯಂ ಸ್ಪೇಸರುಗಳುಂಟು. ಅಂತಹ ಸ್ಪೇಸರನ್ನು ಹಬ್ಬಿಗೆ ನಟ್ಟುಗಳಿಂದ ಬಿಗಿದು, ಅದರ ಮೈಮೇಲಣ ಬೇರೆ ಸ್ಟಡ್ಡುಗಳಿಗೆ ಚಕ್ರವನ್ನೇರಿಸುವರು. ಹೊಂದಿತೆಂಬ ಸಂತೋಷವು ಸಹಜವೇ. ಆದರೆ ಚಕ್ರವು ಹೊರಕ್ಕೆ ಸರಿದಷ್ಟೂ ಬೇರಿಂಗಿನ ಮೇಲೆ ಬೀಳುವ ಭಾರದ ಸನ್ನೆಕೋಲು ನೀಳವಾಗುವುದೆಂಬುದನ್ನೂ, ತಿರುವಿನಲ್ಲಿ ಟೈರು ಫೆಂಡರಿಗೆ ಉಜ್ಜೀತೆಂಬುದನ್ನೂ, ಅಗಲನಿಲುವಿನ ಗಾಂಭೀರ್ಯವನ್ನು ಕೊಂಡಾಡುವವರು ಅಷ್ಟಾಗಿ ನುಡಿಯರು. ಸ್ವಂತ ಸ್ಟಡ್ಡುಗಳಿಲ್ಲದೆ ನಡುವೆ ತೂರಿಸುವ ಬಿಲ್ಲೆಯಂತಹ ಸ್ಪೇಸರಂತೂ ನನಗೆ ಸಮ್ಮತವಲ್ಲ. ನಟ್ಟಿನ ಹಿಡಿತಕ್ಕೆ ಸಲ್ಲಬೇಕಾದ ಥ್ರೆಡ್ಡುಗಳನ್ನೇ ಅದು ಕಬಳಿಸಿಬಿಡುತ್ತದೆ. ದಪ್ಪನೆಯದನ್ನಾದರೂ ಟಾರ್ಕ್ ವ್ರೆಂಚಿನಿಂದಲೇ ಬಿಗಿದು, ನೂರು ಕಿಲೋಮೀಟರಿನಷ್ಟು ಓಡಿಸಿದ ತರುವಾಯ ಚಕ್ರವನ್ನು ಕಳಚಿ, ಕಣ್ಣಿಗೆ ಮರೆಯಾಗಿರುವ ಒಳಗಿನ ನಟ್ಟುಗಳನ್ನು ಮತ್ತೊಮ್ಮೆ ಪರೀಕ್ಷಿಸತಕ್ಕದ್ದು. ಹೊರಗಿನವನ್ನು ಮಾತ್ರ ತಿರುಗಿಸಿ ನೋಡಿದರೆ ಸಾಲದು.